ಎಡಗೈಯ ಗೆರೆಗಳು

ಫೆಬ್ರವರಿ 9

ನಮಸ್ಕಾರ.

ಈ ಅಕ್ಷರ ನಿಮಗೆ ಗುರುತು ಸಿಗದೇ ಇರಬಹುದು. ನೀವು ಕೊನೆಯ ಸಲ ನೋಡಿದಾಗ ನಾನು ಹೈಸ್ಕೂಲಿನ ಹೋಂವರ್ಕ್ ಬರೆಯುತ್ತಿದ್ದೆ. ಇಮೇಲ್ ಮಾಡಬಹುದಿತ್ತು. ಮಾಡಿದರೆ ನೀವು ಕೂಡಲೇ ಉತ್ತರ ಕೊಡುತ್ತೀರಿ, ಅಷ್ಟು ಬೇಗ ನಿಮ್ಮ ಉತ್ತರ ಓದುವ ತಯಾರಿ ನನಗಿಲ್ಲ. ನಿಮ್ಮ ಪ್ರೋಗ್ರಾಮಿನ ದೂರುಪಟ್ಟಿಯಲ್ಲಿ ಹಾಕೋಣವೆಂದರೆ ಅಲ್ಲಿ ಊರೆಲ್ಲ ಓದುತ್ತದೆ. ಇದು ಮನೆಯ ವಿಷಯ.

ಡಿಸೆಂಬರಿನಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿವೆ. ಮಾತು ಹೋಗಿದೆ, ಓದು ಬರಹವೂ ಹೋಗಿದೆ. ನಾವು ಹೇಳುವುದು ಬಹುಮಟ್ಟಿಗೆ ಅರ್ಥವಾಗುತ್ತದೆ. ಆದರೆ ಅವಳ ಬಾಯಲ್ಲಿ ಉಳಿದಿರುವುದು ಒಂದೇ ಪದ: "ಆಮೇಲೆ". ನೀರು ಬೇಕೇ ಎಂದರೆ ಆಮೇಲೆ. ನೋಯುತ್ತಿದೆಯೇ ಎಂದರೆ ಆಮೇಲೆ. ಬೇಕು ಅನ್ನುವುದಕ್ಕೂ ಅದೇ, ಬೇಡ ಅನ್ನುವುದಕ್ಕೂ ಅದೇ. ಹೀಗೆ ಒಂದು ಪದ ಮಾತ್ರ ನಾಲಿಗೆಗೆ ಅಂಟಿಕೊಂಡು ಉಳಿಯುವುದುಂಟು, ಯಾವುದು ಉಳಿಯುತ್ತದೆಂದು ಯಾರೂ ಹೇಳಲಾರರು ಎಂದರು ಮಾತಿನ ಚಿಕಿತ್ಸೆ ಕೊಡುವ ಟೀಚರ್. ನಮ್ಮ ಮನೆಯಲ್ಲಿ, ಕಂಪ್ಯೂಟರಿನ ಮುಂದಿನಿಂದ ಹಿಂತಿರುಗಿಯೂ ನೋಡದೆ, ಆ ಪದವನ್ನು ಹೆಚ್ಚು ಹೇಳುತ್ತಿದ್ದವರು ಯಾರೆಂದು ನಾನು ಅವರಿಗೆ ಹೇಳಲಿಲ್ಲ.

ಟೀಚರ್ ಚಿತ್ರದ ಕಾರ್ಡುಗಳನ್ನು ಕೊಟ್ಟರು. ಲೋಟ, ಹಾಸಿಗೆ, ನಗುವ ಮುಖ, ಅಳುವ ಮುಖ. ಬೇಕಾದದ್ದನ್ನು ಮುಟ್ಟಿ ತೋರಿಸಬೇಕು. ಜೀವಮಾನವೆಲ್ಲ ಶಾಲಾ ಪುಸ್ತಕಗಳಿಗೆ ಚಿತ್ರ ಬರೆದವಳು ಅಮ್ಮ. ಒಂದು ಸಲ ನೋಡಿದಳು, ಎಡಗೈಯಿಂದ ಅಷ್ಟನ್ನೂ ನೆಲಕ್ಕೆ ತಳ್ಳಿದಳು.

ಆಗ ಮನೆಯ ಹಳೆಯ ಕಂಪ್ಯೂಟರಿಗೆ ನಿಮ್ಮ ಚಿತ್ರ ಬರೆಯುವ ಪ್ರೋಗ್ರಾಂ 'ಗೆರೆ'ಯನ್ನು ಹಾಕಿದೆ. ನಮ್ಮದು ಇವತ್ತಿಗೂ ನೀವು ಕೂರಿಸಿಕೊಟ್ಟ ಯುನಿಕ್ಸ್ ವ್ಯವಸ್ಥೆಯ ಡೆಸ್ಕ್‌ಟಾಪೇ. ಅದನ್ನು ಬದಲಿಸಲು ಅಮ್ಮ ಒಪ್ಪಲಿಲ್ಲ, ನೀವು ಹೋದ ಮೇಲೆ ಗೆರೆಯನ್ನು ಮಾತ್ರ ಅಳಿಸಿದ್ದಳು. ಕಾರಣ ನನಗೆ ಗೊತ್ತಿಲ್ಲ. ಪರದೆಯ ಎಡಗಡೆ ಆ ಪುಟ್ಟ ಪೆನ್ಸಿಲ್, ಚಾಕು, ಬಕೆಟ್ಟಿನ ಚಿತ್ರಗಳು ಸಾಲಾಗಿ ಮೂಡಿದವು. ನಿಮ್ಮ ಪ್ರೋಗ್ರಾಮಿಗೆಂದು ಹಿಂದೆ ತಾನೇ ಬರೆದುಕೊಟ್ಟ ಆ ಚಿತ್ರಗಳನ್ನು ಅವಳು ಬಹಳ ಹೊತ್ತು ನೋಡಿದಳು. ನಂತರ ಮೌಸಿಗೆ ಎಡಗೈ ಚಾಚಿದಳು.

ತೊಂದರೆ ಇಷ್ಟು. ಅವಳ ಕೈ ನಡುಗುತ್ತದೆ. ಒಂದು ಉದ್ದದ ಗೆರೆ ಎಳೆದು ಮುಗಿಸುವಷ್ಟರಲ್ಲಿ ಪ್ರೋಗ್ರಾಂ ತಾನಾಗಿ ಮುಚ್ಚಿಕೊಳ್ಳುತ್ತದೆ. ಬರೆದದ್ದೆಲ್ಲ ಹೋಗುತ್ತದೆ. ಅವಳು ಆಮೇಲೆ, ಆಮೇಲೆ ಎಂದು ಅಳುತ್ತಾಳೆ. ಇದನ್ನು ಸರಿಮಾಡಲು ಬರುತ್ತದೆಯೇ? ಕೇಳಬೇಕಾದದ್ದು ಇದೊಂದೇ.

ಇಂತು,
ಅವಳ ಮಗಳು


ಫೆಬ್ರವರಿ 20

ಮಗಳೇ,

ಅಕ್ಷರ ಗುರುತು ಸಿಕ್ಕಿತು. ನಿನ್ನಿಂದ ಬಹುವಚನದಲ್ಲಿ ಕರೆಸಿಕೊಂಡದ್ದು ಇದೇ ಮೊದಲು. ನೀರಿನ ಬಿಲ್ಲು ಕಟ್ಟದವನಿಗೆ ಬಂದ ನೋಟೀಸಿನ ಹಾಗಿತ್ತು.

ಗೆರೆ ಬಣ್ಣ ಬಳಿಯುವ ಪ್ರೋಗ್ರಾಂ ಅಲ್ಲವಲ್ಲ. ಕೈ ಹೋದ ದಾರಿಯನ್ನು ಚುಕ್ಕಿಗಳಾಗಿ ನೆನಪಿಟ್ಟುಕೊಂಡು, ಚುಕ್ಕಿಯಿಂದ ಚುಕ್ಕಿಗೆ ಬಾಗುಗಳನ್ನು ಕಟ್ಟುತ್ತದೆ. ಅದಕ್ಕೇ ಎಷ್ಟು ಹಿಗ್ಗಿಸಿದರೂ ಚಿತ್ರ ಒಡೆಯುವುದಿಲ್ಲ, ಬರೆದಾದ ಮೇಲೂ ಒಂದೊಂದೇ ಚುಕ್ಕಿ ಹಿಡಿದು ಎಳೆದು ತಿದ್ದಬಹುದು. ನಡುಗುವ ಕೈ ಗೇಣುದ್ದದ ಗೆರೆಗೆ ಸಾವಿರಾರು ಚುಕ್ಕಿ ಚೆಲ್ಲುತ್ತದೆ. ಅಷ್ಟನ್ನು ಹೊರಲಾರದೆ ಪ್ರೋಗ್ರಾಂ ಕುಸಿಯುತ್ತಿದೆ. ಇಲ್ಲಿ ನಾನೂ ಬೇಕೆಂದೇ ಕೈ ನಡುಗಿಸಿ ನೋಡಿದೆ. ನನಗೂ ಕುಸಿಯಿತು. ಕೊರತೆ ಪ್ರೋಗ್ರಾಮಿನದು, ಅವಳ ಕೈಯದಲ್ಲ. ಇದನ್ನು ಅವಳಿಗೆ ಹೇಳು.

ಸರಿಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ. ಇನ್ನು ಮೇಲೆ ನಡುಕದ ಚುಕ್ಕಿಗಳನ್ನು ಅದೇ ಗುಡಿಸಿ ಗೆರೆಯನ್ನು ನುಣುಪು ಮಾಡುತ್ತದೆ. ಎಳೆದ ಪ್ರತಿ ಗೆರೆಯನ್ನೂ ತಾನೇ ಉಳಿಸಿಕೊಳ್ಳುತ್ತದೆ.

ಅವಳಿಗೆ ಎಡಗೈಯಲ್ಲಿ ಚಮಚ ಹಿಡಿಯಲೂ ಬರುತ್ತಿರಲಿಲ್ಲ. ನೀನು ಕೆಲಸಕ್ಕೆ ಹೋದಾಗ ಹತ್ತಿರ ಯಾರಿರುತ್ತಾರೆ? ಉತ್ತರ ಬರೆಯಲೇಬೇಕೆಂದಿಲ್ಲ.

ಅಪ್ಪ


ಮಾರ್ಚ್ 17

ನಮಸ್ಕಾರ.

ಪೆನ್‌ಡ್ರೈವ್ ತಲುಪಿತು. ಈಗ ಮುಚ್ಚಿಕೊಳ್ಳುತ್ತಿಲ್ಲ. ಧನ್ಯವಾದ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಅಲ್ಲಿಯವರೆಗೆ ಎದುರು ಮನೆಯ ನರ್ಸಮ್ಮ ನೋಡಿಕೊಳ್ಳುತ್ತಾರೆ. ರಿಟೈರಾಗಿದ್ದಾರೆ, ಬಾಯಿ ಜೋರು, ಕೈ ಮೃದು. ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿ, ಮಡಿಲಿನ ಮೇಲೆ ಹಲಗೆ ಇಟ್ಟು ಮೌಸ್ ಕೊಟ್ಟುಬಿಟ್ಟರೆ ಮಧ್ಯಾಹ್ನ ಕಳೆಯುತ್ತದೆ ಎನ್ನುತ್ತಾರೆ.

ಮೊದಲು ಲೋಟ ಬರೆದಳು. ಒಂದು ವಾರ ಹಿಡಿಯಿತು. ನಂತರ ದಿಂಬು. ಟೀಚರ್ ಬಂದು ನೋಡಿ ಬೆರಗಾದರು.

"ಇದಕ್ಕೆ ಎಷ್ಟು ಕೊಟ್ರಿ? ಆಸ್ಪತ್ರೇಲಿರೋ ಪ್ರೋಗ್ರಾಮಿಗೆ ವರ್ಷ ವರ್ಷ ಕಟ್ಬೇಕು," ಎಂದರು.

"ಏನೂ ಕೊಟ್ಟಿಲ್ಲ ಮೇಡಂ, ಇದು ಬಿಟ್ಟಿ," ಎಂದೆ.

ಹಾಗೆ ಹೇಳುವಾಗ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

ಇನ್ನೊಂದು ತೊಂದರೆ ಇದೆ. ಅವಳು ಎಳೆದ ಗೆರೆಯನ್ನು ಪ್ರೋಗ್ರಾಂ ನುಣುಪು ಮಾಡಿದ ಕೂಡಲೇ ಅವಳಿಗೆ ಸಿಟ್ಟು ಬರುತ್ತದೆ. ಅಳಿಸುತ್ತಾಳೆ, ಮತ್ತೆ ಎಳೆಯುತ್ತಾಳೆ, ಮತ್ತೆ ಅದು ನುಣುಪಾಗುತ್ತದೆ. ನಿನ್ನೆ ಮೌಸನ್ನು ಎಸೆದಳು. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅದು ಅವಳ ಗೆರೆಯಲ್ಲ ಅಲ್ಲವೇ? ಯಾರೋ ಕೈ ಹಿಡಿದು ತಿದ್ದಿಸಿದ ಹಾಗೆ ಆಗುತ್ತಿದೆ. ನಡುಕವಿದ್ದರೆ ಇರಲಿ. ನುಣುಪು ಮಾಡುವುದನ್ನು ನಿಲ್ಲಿಸುವ ಒಂದು ಗುಂಡಿ ಇಟ್ಟುಕೊಡುತ್ತೀರಾ?

ಇಂತು,
ಅವಳ ಮಗಳು


ಏಪ್ರಿಲ್ 2

ಮಗಳೇ,

ಗುಂಡಿ ಇಟ್ಟಿದ್ದೇನೆ. ಒತ್ತಿದರೆ ಕೈ ಹೇಗೆ ಹೋಯಿತೋ ಹಾಗೇ ಉಳಿಯುತ್ತದೆ, ಕುಸಿಯುವುದೂ ಇಲ್ಲ. ಇದು ಮೊದಲಿನದಕ್ಕಿಂತ ಕಷ್ಟದ ಕೆಲಸವಾಯಿತು. ನುಣುಪು ಮಾಡುವುದು ಸುಲಭ, ಅಷ್ಟೂ ನಡುಕವನ್ನು ಹೊತ್ತುಕೊಂಡು ನಡೆಯುವಂತೆ ಮಾಡಲು ಒಳಗಿನ ಅರ್ಧ ಭಾಗವನ್ನು ಬಿಚ್ಚಿ ಕಟ್ಟಬೇಕಾಯಿತು.

ಈ ಕೆಲಸಕ್ಕೆ ಈಗ ಮೂವರೇ ಉಳಿದಿದ್ದೇವೆ, ಮೂವರೂ ಮೂರು ದೇಶದಲ್ಲಿ. ಒಬ್ಬ ಸೇತುವೆಯ ಎಂಜಿನಿಯರು, ಒಬ್ಬಳು ಲೆಕ್ಕದ ಟೀಚರು. ಪರಸ್ಪರ ಮುಖ ನೋಡಿಲ್ಲ. ಹಳೆಯ ಡೆಸ್ಕ್‌ಟಾಪುಗಳನ್ನು ಕೈಬಿಟ್ಟು ಹೊಸದಕ್ಕೆ ಮಾತ್ರ ಪ್ರೋಗ್ರಾಂ ಮಾಡೋಣ ಎಂದು ಅವರಿಬ್ಬರ ಒತ್ತಾಯ. ನ್ಯಾಯವೇ. ನಿಮ್ಮ ಮನೆಯ ಆ ಕಂಪ್ಯೂಟರನ್ನು ನೆನೆದು ಸದ್ಯಕ್ಕೆ ಬೇಡ ಎಂದೆ. ಯಾಕೆಂದು ಕೇಳಿದರು. ಒಬ್ಬರು ಬಳಕೆದಾರರಿದ್ದಾರೆ ಎಂದೆ.

ಆ ಪೆನ್ಸಿಲ್, ಚಾಕುಗಳನ್ನು ಅವಳು ಬರೆದದ್ದು ಊಟದ ಮೇಜಿನ ಮೇಲೆ. ತಟ್ಟೆಗಳನ್ನು ಒಂದು ಪಕ್ಕಕ್ಕೆ ಸರಿಸಿಕೊಂಡು. ನೀನು ಆಗ ಮೇಜಿನ ಕೆಳಗೆ ಇರುತ್ತಿದ್ದೆ.

ಇದನ್ನೆಲ್ಲ ನೀನು ನನ್ನಿಂದ ಮಾಡಿಸುತ್ತಿದ್ದೀಯ ಎಂದು ಅವಳಿಗೆ ಗೊತ್ತೇ?

ಅಪ್ಪ


ಏಪ್ರಿಲ್ 27

ಅಪ್ಪನವರಿಗೆ,

ಗೊತ್ತಿರಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ಹೇಳಿದೆ. ಆಮೇಲೆ ಎಂದಳು. ಯಾವ ಅರ್ಥದಲ್ಲಿ ಎಂದು ನನ್ನನ್ನು ಕೇಳಬೇಡಿ. ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ತಾನಾಗಿ ಮೌಸ್ ಕೇಳಿದಳು.

ಈಗ ಹಾಸಿಗೆಯ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಎಲ್ಲವೂ ಅವಳು ಬರೆದವೇ. ಲೋಟ, ದಿಂಬು, ದೀಪ, ಬಾಚಣಿಗೆ, ಕಿಟಕಿ ತೆರೆ, ಬಾಗಿಲು ಮುಚ್ಚು, ಬೆನ್ನು ಉಜ್ಜು, ಸಾಕು. ಗೆರೆಗಳೆಲ್ಲ ನಡುಗುತ್ತವೆ, ಆದರೆ ಯಾವುದು ಏನೆಂದು ಯಾರೂ ತಪ್ಪು ತಿಳಿಯುವ ಹಾಗಿಲ್ಲ. ದಿಂಬಿನ ನಡುವೆ ತಲೆ ಇಟ್ಟು ಎದ್ದ ತಗ್ಗು ಕೂಡ ಇದೆ. ಅವಳು ಅತಿ ಹೆಚ್ಚು ಮುಟ್ಟುವುದು ಬಾಗಿಲನ್ನು. ಮಂಚ ಮುಂದಿನ ಕೋಣೆಯಲ್ಲಿದೆ, ಬಾಗಿಲು ನೇರ ಮೆಟ್ಟಿಲಿಗೆ ತೆರೆದುಕೊಳ್ಳುತ್ತದೆ. ಗಾಳಿಗೆ ತೆಗೆದಿಟ್ಟರೆ ಮೇಲಿನ ಮನೆಯವರು ಹತ್ತಿ ಇಳಿಯುವಾಗ ಒಳಗೆ ಇಣುಕುತ್ತಾರೆ. ಅವಳ ಬಾಯಿ ಒಂದು ಕಡೆ ಸೊಟ್ಟಗಾಗಿದೆ.

ಮನೆಯ ಜನರ ಚಿತ್ರಗಳೂ ಇರಬೇಕು ಎಂದರು ಟೀಚರ್. ನನ್ನ ಬದಲು ಒಂದು ಕನ್ನಡಕ ಬರೆದಳು. ನರ್ಸಮ್ಮನಿಗೆ ತೆರೆದ ಬಾಯಿ. ನರ್ಸಮ್ಮ ಒಂದು ದಿನ ಮುನಿಸಿಕೊಂಡು, ಮಾರನೆಯ ದಿನ ಅದರ ಒಂದು ಪ್ರತಿ ಕೇಳಿ ಮನೆಗೆ ಒಯ್ದರು.

"ಯಜಮಾನರದು?" ಎಂದು ಕೇಳಿದರು ಟೀಚರ್, ಏನೂ ತಿಳಿಯದೆ. ಅಮ್ಮ ಕಣ್ಣು ಮುಚ್ಚಿಕೊಂಡಳು. ನಾನು ಅವರಿಂದಲೇ ತರಿಸುತ್ತೇನೆ ಎಂದುಬಿಟ್ಟೆ. ಆಡಿದ ಮಾತಿಗೆ ಕೇಳುತ್ತಿದ್ದೇನೆ. ಕಳಿಸದಿದ್ದರೂ ನಡೆಯುತ್ತದೆ.

ಮಗಳು


ಮೇ 15

ಮಗಳೇ,

ಗೆರೆ ಎಳೆಯುವ ಪ್ರೋಗ್ರಾಂ ಮಾಡಿದವನಿಗೆ ಗೆರೆ ಎಳೆಯಲು ಬರಬೇಕೆಂದಿಲ್ಲ, ಇದು ನಮ್ಮ ಮನೆಯ ಹಳೆಯ ಹಾಸ್ಯ. ಕನ್ನಡಿ ಎದುರಿಗಿಟ್ಟುಕೊಂಡು ಮುಖ ಬರೆದೆ. ಆಲೂಗೆಡ್ಡೆ ಬಂತು. ಕಿವಿ ಸೇರಿಸಿದೆ, ಕಿವಿಯಿರುವ ಆಲೂಗೆಡ್ಡೆ ಆಯಿತು. ಕೊನೆಗೆ ಬೆನ್ನು ಬರೆದೆ. ಕುರ್ಚಿ, ಬೆನ್ನು, ತಲೆ, ಮುಂದೆ ಮೇಜು. ಬೆನ್ನಾದರೆ ಕಷ್ಟವಿಲ್ಲ. ಪೆನ್‌ಡ್ರೈವಿನಲ್ಲಿ ಕಳಿಸಿದ್ದೇನೆ.

ಅವಳಿಗೆ ಗುರುತು ಸಿಗಬಹುದು ಅಂದುಕೊಂಡಿದ್ದೇನೆ.

ಅಪ್ಪ


ಜೂನ್ 4

ಅಪ್ಪನವರಿಗೆ,

ನಿಮ್ಮ ಚಿತ್ರವನ್ನು ಪರದೆಯ ಮೇಲೆ ತೆರೆದು ಅಮ್ಮನಿಗೆ ತೋರಿಸಿದೆ. ನೋಡಿದಳು. ನಕ್ಕಳು. ಡಿಸೆಂಬರಿನಿಂದ ಈಚೆಗೆ ಅವಳು ನಕ್ಕದ್ದು ಇದೇ ಮೊದಲು. ಅರ್ಧ ಮುಖವಷ್ಟೇ ನಗುತ್ತದೆ, ಗಂಟಲಿನಿಂದ ಗೊರಕೆಯಂಥ ಸದ್ದು ಬರುತ್ತದೆ. ನರ್ಸಮ್ಮ ಗಾಬರಿಯಾಗಿ ನೀರು ತಂದರು.

ನಂತರ ಅದನ್ನು ತಿದ್ದಲು ಕೂತಳು. ಹಾಗೇ ಗೋಡೆಗೆ ಹಾಕಲು ಒಪ್ಪಲಿಲ್ಲ. ಭುಜ ಇಳಿಸಿದಳು. ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿಸಿದಳು. ಒಂದೊಂದೇ ಚುಕ್ಕಿ ಹಿಡಿದು ಎಳೆದು, ನಾಲಗೆ ಕಚ್ಚಿಕೊಂಡು, ದಿನಗಟ್ಟಲೆ. ನೆತ್ತಿಯ ಮೇಲೆ ಕೂದಲು ಅಳಿಸಿ ಬೋಳು ಮಾಡಿದಳು. ನಿಮಗೆ ನೆತ್ತಿ ಬೋಳಾಗಿದೆಯೇ? ಅವಳಿಗೆ ಹೇಗೆ ಗೊತ್ತು? ಕೊನೆಯಲ್ಲಿ ಮುಂದಿದ್ದ ಮೇಜನ್ನು ಪೂರ್ತಿ ಅಳಿಸಿದಳು. ಈಗ ನೀವು ಬರಿಯ ಕುರ್ಚಿಯಲ್ಲಿ, ಯಾವುದರ ಮುಂದೆಯೂ ಅಲ್ಲದೆ, ಕೂತಿದ್ದೀರಿ.

ಹಾಳೆಯ ಮೂಲೆಯಲ್ಲಿ ಅಂಟಿಸಿದೆವು. ಎರಡು ದಿನ ಅದರ ಕಡೆ ನೋಡಲಿಲ್ಲ. ನಿನ್ನೆ ಸಂಜೆ ನಾನು ಊಟ ಮಾಡಿಸುವಾಗ ಅದನ್ನು ಮುಟ್ಟಿದಳು. ಮುಟ್ಟಿ ನನ್ನನ್ನು ನೋಡಿದಳು. ಇವತ್ತು ಬೆಳಿಗ್ಗೆ ಮತ್ತೆ ಮುಟ್ಟಿದಳು.

ಬನ್ನಿ ಎಂದು ನಾನು ಬರೆಯುತ್ತಿಲ್ಲ. ಆದದ್ದನ್ನು ಬರೆದಿದ್ದೇನೆ.

ಮಗಳು


ಜೂನ್ 12

ಮಗಳೇ,

ನೆತ್ತಿ ಬೋಳಾಗಿದೆ. ಆಗುವ ಲಕ್ಷಣ ಆಗಲೇ ಇತ್ತು, ಹಿಂದೆ ನಿಂತವರಿಗೆ ಮೊದಲು ಕಾಣುವುದು ಅದೇ.

ಮುಂದಿನ ಭಾನುವಾರ ಬರುತ್ತೇನೆ. ಹೊಸ ಆವೃತ್ತಿ ಬಿಡುವ ವಾರ, ಇರಲಿ. ಅವಳಿಗೆ ತಿನ್ನಲು ಏನು ತರಬಹುದು, ನುಂಗಲು ತೊಂದರೆ ಇದೆಯೇ, ಅದೊಂದನ್ನು ಫೋನಿನಲ್ಲಿ ಮೆಸೇಜು ಮಾಡು.

ಅಪ್ಪ


ಜುಲೈ 3

ಅಪ್ಪಾ,

ನೀನು ಬಂದು ಹೋದ ಮೇಲೆ ಕಾಗದ ಬರೆಯಬಾರದು ಅಂತಲೇ ಇದ್ದೆ. ಬರೆಯದೆ ಇರಲಾಗುತ್ತಿಲ್ಲ.

ಅವತ್ತು ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ನೀನು ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಇನ್ನೂ ಕಾಲು ಗಂಟೆಯೂ ಆಗಿರಲಿಲ್ಲ. "ಆಮೇಲೆ" ಎನ್ನುವ ಅವಳ ದನಿ ನನಗೆ ಕೇಳಿಸಿತು. ಎರಡು ಮೂರು ಸಲ. ನೀನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ.

"ಅವಳಿಗೆ ಸುಸ್ತಾಗಿದೆ ಮಗಳೇ. ಬಾಗಿಲಿನ ಚಿತ್ರ ತೋರಿಸ್ತಿದ್ದಾಳೆ. ನಾನು ಹೊರಡ್ತೀನಿ," ಎಂದೆ ನೀನು.

"ಚಹಾ ಆದ್ರೂ ಕುಡಿದು ಹೋಗಿ," ಎಂದೆ ನಾನು.

"ಇನ್ನೊಂದ್ಸಲ."

ನೀನು ಹೊರಗೆ ಹೋಗಿ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡೆ. ಅಷ್ಟು ಮೆಲ್ಲಗೆ ಎಳೆದೆಯಲ್ಲ, ಅದೇ ನನಗೆ ಸಿಟ್ಟು.

ನಾನು ಲೋಟ ಹಿಡಿದು ಬಂದಾಗ ಅಮ್ಮ ಸ್ಟೂಲನ್ನು ನೋಡುತ್ತಿದ್ದಳು. ನಂತರ ಕೈ ಎತ್ತಿ ನಿನ್ನ ಚಿತ್ರ ಮುಟ್ಟಿದಳು. ಬಾಗಿಲು ಮುಟ್ಟಿದಳು. ಮತ್ತೆ ನಿನ್ನನ್ನು. ಮತ್ತೆ ಬಾಗಿಲನ್ನು. ಹೊತ್ತು ಮುಳುಗುವವರೆಗೂ ಅದನ್ನೇ ಮಾಡಿದಳು. ಕೊನೆಗೆ ಮುಟ್ಟುತ್ತಿರಲಿಲ್ಲ, ಹೊಡೆಯುತ್ತಿದ್ದಳು. ಹಾಳೆ ಹರಿಯಿತು.

ನಾನು ಏಪ್ರಿಲಿನಲ್ಲೇ ಬರೆದಿದ್ದೆನಲ್ಲ. ಟೀಚರ್ ಬಂದು ಕೂತರೂ ಅವಳು ಬಾಗಿಲು ತೋರಿಸುತ್ತಾಳೆ. ನರ್ಸಮ್ಮ ಬಂದರೂ ತೋರಿಸುತ್ತಾಳೆ. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ತೋರಿಸುತ್ತಾಳೆ. ಯಾರಾದರೂ ಬಂದು ಹತ್ತಿರ ಕೂತರೆ, ಮೆಟ್ಟಿಲು ಹತ್ತುವವರು ನೋಡದ ಹಾಗೆ ಬಾಗಿಲು ಮುಚ್ಚಬೇಕು ಅವಳಿಗೆ. ಮುಚ್ಚಿ ಒಳಗೆ ಕೂರುವುದು ಅಪ್ಪಾ. ಹೊರಗೆ ಹೋಗುವುದಲ್ಲ.

ಇನ್ನೊಂದು ಸಲ ಬಾ. ಬೇಗ ಬಾ. ಅವಳು ಈಗ ಮೌಸ್ ಕೇಳುತ್ತಿಲ್ಲ.

ಮಗಳು


ಜುಲೈ 9

ಮಗಳೇ,

ನಿನ್ನ ಕಾಗದವನ್ನು ಪೋಸ್ಟಿನವನ ಎದುರಿಗೇ ಒಡೆದು ಓದಿದೆ. ಅವನು ಸಹಿ ಬೇಕು ಸಾರ್ ಎಂದು ಇನ್ಯಾವುದೋ ಪಾಕೀಟು ಹಿಡಿದು ನಿಂತೇ ಇದ್ದ.

ಆ ಪದ ಕೇಳಿಸಿ ಆ ಚಿತ್ರ ಕಂಡ ಮೇಲೆ ನನಗೆ ಬೇರೆ ಯಾವ ಅರ್ಥವೂ ಹೊಳೆಯಲಿಲ್ಲ. ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ, ಇದ್ದದ್ದರಲ್ಲಿ ಮರ್ಯಾದೆಯಿಂದಲೇ ಕಳಿಸಿದಳು ಅಂದುಕೊಂಡು ಬಂದೆ.

ಗುರುವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಪ್ರೋಗ್ರಾಮಿನ ಕೆಲಸ ಉಳಿದಿಬ್ಬರಿಗೆ ಒಪ್ಪಿಸಿದ್ದೇನೆ. ಈ ಸಲ ಹಿಂತಿರುಗುವ ಟಿಕೆಟು ತೆಗೆಸಿಲ್ಲ. ಅವಳಿಗೆ ಹೇಳಿಡು. ಅಥವಾ ಬೇಡ, ಬಂದಾಗ ನೋಡಲಿ.

ಅಪ್ಪ


ಸೆಪ್ಟೆಂಬರ್ 21

ಮಗಳೇ,

ಊರಿಗೆ ಮರಳಿ ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಆಸ್ಪತ್ರೆಯೇ ಕಣ್ಣ ಮುಂದೆ ಬರುತ್ತದೆ. ಆ ಗುರುವಾರ ನಾನು ಬಂದು ಇಳಿಯುವ ಹೊತ್ತಿಗೆ ಅವಳಿಗೆ ಎರಡನೆಯ ಸ್ಟ್ರೋಕ್ ಆಗಿ, ನೀನು ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳ ಶಾಲು ಮಡಿಸಿಕೊಂಡು ನಿಂತಿದ್ದೆ. ಅವಳು ಕಣ್ಣು ಬಿಟ್ಟಳು, ಆದರೆ ಆ ಕಣ್ಣಿಗೆ ನಾವಿಬ್ಬರೂ ಬೀಳಲಿಲ್ಲ. ಉಳಿದಿದ್ದ ಒಂದು ಪದವೂ ಹೋಗಿತ್ತು. ಅವಳ ಬಾಯಿಂದ ಅದು ಇನ್ನೊಮ್ಮೆ ಬರಲಿ ಎಂದು ವಾರಗಟ್ಟಲೆ ಕಾದು ಕೂತಿದ್ದೆ. ಬರಲಿಲ್ಲ, ಅವಳು ಹೋದಳು.

ನೀನು ಒಪ್ಪಿಗೆ ಕೊಟ್ಟಂತೆ, ಹಾಳೆಯ ಚಿತ್ರಗಳನ್ನು ಹೊಸ ಆವೃತ್ತಿಯ ಜೊತೆ ಸೇರಿಸಿದೆವು. ಮಾತು ಹೋದವರ ಮನೆಯವರು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಲೆಕ್ಕದ ಟೀಚರು, ಈ ಗೆರೆಗಳನ್ನು ನುಣುಪು ಮಾಡಿ ಹಾಕೋಣವೇ ಎಂದು ಕೇಳಿದಳು. ಬೇಡ ಎಂದೆ. ಬರೆದವರ ಹೆಸರಿನ ಜಾಗದಲ್ಲಿ ಅವಳ ಹೆಸರೊಂದೇ ಇದೆ, ಮದುವೆಗೆ ಮುಂಚಿನದು. ಪುಸ್ತಕಗಳ ಚಿತ್ರಗಳಿಗೆ ಅವಳು ಹಾಕುತ್ತಿದ್ದದ್ದು ಅದನ್ನೇ.

ಬಿಡುಗಡೆಯ ಟಿಪ್ಪಣಿಯ ಕೊನೆಗೆ ಒಂದು ಸಾಲು ಸೇರಿಸಿದೆ: ಈ ಪ್ರೋಗ್ರಾಮಿನ ಎಲ್ಲ ಸಲಕರಣೆಗಳ ಚಿತ್ರಗಳನ್ನು ಬರೆದವರು ತೀರಿಕೊಂಡರು. ಅಷ್ಟೇ. ಎಲ್ಲಿಂದೆಲ್ಲಿಂದಲೋ ಜನ ಬರೆದಿದ್ದಾರೆ. ಅವನ್ನು ನಮ್ಮ ಭಾಷೆಗೆ ನನಗೆ ತಿಳಿದಂತೆ ಮಾಡಿ, ಮುದ್ರಿಸಿ, ಇದರ ಜೊತೆ ಕಳಿಸುತ್ತಿದ್ದೇನೆ. ನಾನು ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು.

ಮನೆಯಲ್ಲಿ ಒಬ್ಬಳೇ ಇದ್ದೀಯ. ಏನಾದರೂ ತಿನ್ನುತ್ತಿದ್ದೀಯಾ?

ಅಪ್ಪ


ಅಕ್ಟೋಬರ್ 11

ಅಪ್ಪಾ,

ಕಟ್ಟು ಬಂತು. ಅರ್ಧ ಓದಿದೆ. ನರ್ಸಮ್ಮ ನನ್ನ ಕೈಯಿಂದ ಕಿತ್ತುಕೊಂಡು ಉಳಿದರ್ಧವನ್ನು ಗಟ್ಟಿಯಾಗಿ ಓದತೊಡಗಿದರು, ನಡುವೆ ಮೂಗು ಒರೆಸಿಕೊಳ್ಳುತ್ತಾ. ಆಟಿಕೆ ಮಾಡುವವನೊಬ್ಬ, ದಿನಾ ಬೆಳಿಗ್ಗೆ ಹೆಂಡತಿಯ ಮುಖಕ್ಕಿಂತ ಮುಂಚೆ ನೋಡುವುದು ಆ ಚಿತ್ರಗಳನ್ನೇ ಎಂದು ಬರೆದಿದ್ದಾನಲ್ಲ, ಅಲ್ಲಿ ನಕ್ಕರು. ನಕ್ಷೆ ಬರೆಯುವ ಹೆಂಗಸು, ಇವು ಯಾರೋ ಒಬ್ಬರ ಕೈಯಿಂದ ಬಂದವು ಎಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ, ಕ್ಷಮಿಸಿ ಎಂದಿದ್ದಾಳೆ. ಅಲ್ಲಿಗೆ ಇಬ್ಬರಿಗೂ ಮುಂದೆ ಓದಲಾಗಲಿಲ್ಲ.

ಅಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಶಾಲಾ ಪುಸ್ತಕದ ಪ್ರೆಸ್ಸಿನವರು ಅವಳನ್ನು ಕೆಲಸದಿಂದ ಬಿಡಿಸಿದ ವರ್ಷ, ನನ್ನ ಚಿತ್ರ ಯಾರು ನೋಡ್ತಾರೆ ಬಿಡು, ಎಂದು ಬಣ್ಣದ ಡಬ್ಬಿಯನ್ನು ಯಾರಿಗೋ ಕೊಟ್ಟುಬಿಟ್ಟಳು. ಜನ ನೋಡುತ್ತಲೇ ಇದ್ದರು. ಹೇಳುವವರು ಇರಲಿಲ್ಲ. ನಿನ್ನ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ನನಗೂ ಹೊಳೆದಿರಲಿಲ್ಲ.

ಇನ್ನೊಂದು ವಿಷಯ. ಆಸ್ಪತ್ರೆಯಲ್ಲಿ ಆ ಡ್ಯೂಟಿ ನರ್ಸು, ನೀವು ಪೇಷಂಟಿಗೆ ಏನಾಗ್ಬೇಕು, ಎಂದು ಕೇಳಿದಾಗ ನೀನು, "ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡ್ತಿದ್ವಿ," ಎಂದೆ. ನಾನು ವಾರ್ಡಿನ ಪರದೆಯ ಆಚೆ ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು. ಸುಡುಗಾಡಿನಿಂದ ಬಂದ ಮೇಲೂ ಉರಿಯುತ್ತಿತ್ತು, ಅದಕ್ಕೇ ನಿನ್ನನ್ನು ಬಸ್ಸಿಗೆ ಬಿಡಲು ನಾನು ಬರಲಿಲ್ಲ. ಈ ಕಟ್ಟು ಓದಿದ ಮೇಲೆ, ಅವಳನ್ನು ಕೇಳಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳೋ ಏನೋ ಅನ್ನಿಸುತ್ತಿದೆ. ಗೊತ್ತಿಲ್ಲ. ಕೇಳಲು ಅವಳಿಲ್ಲ.

ಅವಳ ಬಟ್ಟೆಗಳನ್ನು ಇನ್ನೂ ತೆಗೆದಿಲ್ಲ. ಮಂಚ ಮುಂದಿನ ಕೋಣೆಯಲ್ಲೇ ಇದೆ, ಒಬ್ಬಳಿಂದ ಎತ್ತಿಡಲು ಆಗುವುದಿಲ್ಲ. ಈ ಶನಿವಾರ ನಿನಗೆ ಬರಲು ಆದರೆ ಬಾ. ಅಂಗಡಿಯಲ್ಲಿ ನನಗೆ ಸಂಜೆಯವರೆಗೆ ಕೆಲಸವಿದೆ. ಕೀಲಿ ನರ್ಸಮ್ಮನ ಹತ್ತಿರ ಇಟ್ಟಿರುತ್ತೇನೆ. ಅವರು ಮಾತಿಗೆ ಹಿಡಿದರೆ ಬಿಡುವುದಿಲ್ಲ, ನೋಡಿಕೋ. ಅನ್ನ ಸಾರು ಮಾಡಿಟ್ಟು ಹೋಗಿರುತ್ತೇನೆ, ಬಿಸಿ ಮಾಡಿಕೊಂಡು ಊಟ ಮಾಡು. ನಾನು ಬರುವವರೆಗೆ ಇರು.

ಮಗಳು